ಮಗಳು ಕನ್ಸರ್ಟ್ ವಯಲಿನ್ ವಾದಕಿ ಆಗಬೇಕಂತೆ: ದುಬಾರಿ ಪಿಟೀಲಿಗಿಂತ ಮೊದಲು ಒಳ್ಳೆಯ ಮೇಷ್ಟ್ರು

ಪ್ರಶ್ನೆ

ನಮ್ಮದು ಚಿಕ್ಕಬಳ್ಳಾಪುರದ ಪಕ್ಕದ ಹಳ್ಳಿ. ದ್ರಾಕ್ಷಿ ತೋಟ ಇದೆ. ಮಗಳಿಗೆ 11 ವರ್ಷ. ಏಳನೇ ವಯಸ್ಸಿನಿಂದ ಇಲ್ಲೇ ಒಬ್ಬ ಮೇಷ್ಟ್ರ ಹತ್ತಿರ ಕರ್ನಾಟಕ ಶೈಲಿಯಲ್ಲಿ ಪಿಟೀಲು ಕಲಿಯುತ್ತಿದ್ದಾಳೆ. ಈಗ ವರ್ಣ ನಡೆಯುತ್ತಿದೆ. ಮುದ್ದೇನಹಳ್ಳಿಯಲ್ಲಿ ವಿದ್ಯಾರ್ಥಿಗಳ ಸಿಂಫನಿ ಆರ್ಕೆಸ್ಟ್ರಾ ಕೇಳಿ ಬಂದಾಗಿನಿಂದ ಅವಳಿಗೆ ವೆಸ್ಟರ್ನ್ ವಯಲಿನ್ ಹುಚ್ಚು ಹಿಡಿದಿದೆ. ಸಿಂಗಪುರದ ಕ್ಲೋಯಿ ಚುವಾ ಅವರ ವಿಡಿಯೊಗಳನ್ನು ದಿನಾ ನೋಡುತ್ತಾಳೆ. ನಾನೂ ಹೀಗೇ ದೇಶ ದೇಶ ಸುತ್ತಿ ನುಡಿಸಬೇಕು ಅನ್ನುತ್ತಾಳೆ. ಇದು ಆಗುವ ಮಾತಾ? ತಡವಾಯಿತಾ? ಕರ್ನಾಟಕ ಸಂಗೀತ ಬಿಡಿಸಬೇಕಾ? ಪರಿಚಯದವರೊಬ್ಬರು ಒಂದೂವರೆ ಲಕ್ಷದ ಪಿಟೀಲು ಕೊಡಿಸಿ, ಸ್ಪರ್ಧೆಗಳಿಗೆ ಕಳಿಸಿ ಅನ್ನುತ್ತಿದ್ದಾರೆ. ಇನ್ನೊಬ್ಬರು ಹತ್ತನೇ ಕ್ಲಾಸ್ ಆದ ಮೇಲೆ ಓದು ಬಿಡಿಸಿ ಪೂರ್ತಿ ಇದಕ್ಕೇ ಹಾಕಿ ಅಂದರು. ಏನು ಮಾಡೋಣ?

ಉತ್ತರ

ಒಂದೂವರೆ ಲಕ್ಷವನ್ನು ಸದ್ಯಕ್ಕೆ ಬ್ಯಾಂಕಿನಲ್ಲೇ ಇಡಿ. ಸ್ಪರ್ಧೆಗಳ ಮಾತನ್ನು ಎರಡು ಮೂರು ವರ್ಷ ಮರೆತುಬಿಡಿ. ಮುಂದಿನ ಐದಾರು ವರ್ಷ ನಿಮ್ಮ ಹಣ, ನಿಮ್ಮ ಭಾನುವಾರ, ನಿಮ್ಮ ಗಾಡಿಯ ಪೆಟ್ರೋಲು ಎಲ್ಲಾ ಒಬ್ಬ ಒಳ್ಳೆಯ ವೆಸ್ಟರ್ನ್ ವಯಲಿನ್ ಮೇಷ್ಟ್ರಿಗಾಗಿ ಖರ್ಚಾಗಲಿ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ತಡವಾಯಿತಾ ಅನ್ನುವ ಪ್ರಶ್ನೆ. ಸುಮ್ನೆ ಸಮಾಧಾನದ ಮಾತು ಹೇಳುವುದಿಲ್ಲ. ದೊಡ್ಡ ಆರ್ಕೆಸ್ಟ್ರಾಗಳ ಮುಂದೆ ನಿಂತು ಸೋಲೋ ನುಡಿಸುವವರಲ್ಲಿ ಹೆಚ್ಚಿನವರು ಮೂರರಿಂದ ಆರು ವರ್ಷದೊಳಗೆ ಪಿಟೀಲು ಹಿಡಿದವರು. ನಿಮ್ಮ ಮಗಳು ನೋಡುವ ಕ್ಲೋಯಿ ಚುವಾ ಅವರನ್ನೇ ತೆಗೆದುಕೊಳ್ಳಿ. 2018ರಲ್ಲಿ ಜಿನೀವಾದಲ್ಲಿ ಮೆನುಹಿನ್ ಸ್ಪರ್ಧೆ, ಅಂದರೆ ಎಳೆಯ ಪಿಟೀಲು ವಾದಕರ ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆ, ನಡೆಯಿತು. ಅದರ ಜೂನಿಯರ್ ವಿಭಾಗದಲ್ಲಿ ಅವರು ಆಸ್ಟ್ರೇಲಿಯಾದ ಕ್ರಿಶ್ಚಿಯನ್ ಲಿ ಜೊತೆ ಮೊದಲ ಬಹುಮಾನ ಹಂಚಿಕೊಂಡರು. ಆಗ ಅವರಿಗೆ 11 ವರ್ಷ. ನಿಮ್ಮ ಮಗಳ ವಯಸ್ಸೇ. ಆ ವಿಡಿಯೊ ನೋಡಿದರೆ ಎದೆ ಝಲ್ ಅನ್ನುತ್ತದೆ, ಸಹಜ. ಆದರೆ ಅದರಲ್ಲಿ ಕಾಣದ್ದು ಒಂದಿದೆ. ಪುಟ್ಟ ಮಗುವಾಗಿದ್ದಾಗಿನಿಂದ ಅವರು ಸಿಂಗಪುರದ ನಾನ್ಯಾಂಗ್ ಅಕಾಡೆಮಿಯ ಮಕ್ಕಳ ವಿಭಾಗದಲ್ಲಿ ಯಿನ್ ಕೆ ಅನ್ನುವ ಗುರುಗಳ ಹತ್ತಿರ ಕಲಿತಿದ್ದರು. ವಾರ ವಾರ, ವರ್ಷಗಟ್ಟಲೆ, ಅದೇ ಗುರು.

ಅಮೆರಿಕದ ಹೆಸರಾಂತ ವಾದಕಿ ಹಿಲರಿ ಹಾನ್ ಅವರದೂ ಇದೇ ಕಥೆ. ನಾಲ್ಕು ವರ್ಷ ತುಂಬುವ ಮೊದಲೇ ಶುರು. ಐದರಿಂದ ಹತ್ತರವರೆಗೆ ಬಾಲ್ಟಿಮೋರ್‌ನಲ್ಲಿ ಕ್ಲಾರಾ ಬೆರ್ಕೊವಿಚ್ ಅನ್ನುವ ಟೀಚರ್. ಹತ್ತನೇ ವಯಸ್ಸಿಗೆ ಫಿಲಡೆಲ್ಫಿಯಾದ ಕರ್ಟಿಸ್ ಇನ್‌ಸ್ಟಿಟ್ಯೂಟ್ ಅನ್ನುವ ಸಂಗೀತ ಕಾಲೇಜು ಸೇರಿ, ಅಲ್ಲಿ ಯಾಶಾ ಬ್ರಾಡ್ಸ್ಕಿ ಹತ್ತಿರ ಏಳು ವರ್ಷ. ಅಷ್ಟೆ, ಎರಡೇ ಕೈಗಳಲ್ಲಿ ಬೆಳೆದ ಮಗು. ಇವರ ಬಗ್ಗೆ ಓದುವಾಗ ಎಲ್ಲರೂ ಪ್ರತಿಭೆ ಪ್ರತಿಭೆ ಅನ್ನುತ್ತಾರೆ. ಪ್ರತಿಭೆ ಇತ್ತು, ಇಲ್ಲ ಅನ್ನಲಾರೆ. ಆದರೆ ನನ್ನ ಕಣ್ಣಿಗೆ ಮೊದಲು ಬೀಳುವುದು ಆ ಗುರುಗಳ ಹೆಸರು.

ಹಾಗಾದರೆ ನಿಮ್ಮ ಮಗಳ ಗತಿ? ಪ್ರಪಂಚ ಸುತ್ತುವ ಸೋಲೋ ವಾದಕರು ಬೆರಳೆಣಿಕೆಯಷ್ಟು ಮಂದಿ. ಮೂರನೇ ವರ್ಷಕ್ಕೆ ಶುರು ಮಾಡಿದವರಲ್ಲೂ ಸಾವಿರಕ್ಕೆ ಒಬ್ಬರಿಗೆ ಸಿಗುವ ಜಾಗ ಅದು ಅಂದರೆ ಉತ್ಪ್ರೇಕ್ಷೆ ಅಲ್ಲ. ಆ ಒಂದು ಬಾಗಿಲನ್ನೇ ನಂಬಿ ಮನೆಯ ಲೆಕ್ಕಾಚಾರ ಹಾಕಬೇಡಿ. ಆದರೆ ಅದರ ಪಕ್ಕದಲ್ಲೇ ದೊಡ್ಡ ಬಾಗಿಲುಗಳಿವೆ. ಆರ್ಕೆಸ್ಟ್ರಾ, ನಾಲ್ಕೈದು ಮಂದಿ ಸೇರಿ ನುಡಿಸುವ ಚೇಂಬರ್ ಮ್ಯೂಸಿಕ್, ರೆಕಾರ್ಡಿಂಗ್, ಪಾಠ, ಎರಡೂ ಶೈಲಿ ಬಲ್ಲವರಿಗೇ ಸಿಗುವ ಫ್ಯೂಷನ್ ಕಚೇರಿಗಳು. ಇವುಗಳ ಮಟ್ಟಿಗೆ 11 ವರ್ಷಕ್ಕೆ ಬಾಗಿಲು ಮುಚ್ಚಿಲ್ಲ. ಹೊರದೇಶದ ಒಳ್ಳೆಯ ಸಂಗೀತ ಕಾಲೇಜಿಗೆ ಆಡಿಷನ್ ಕೊಡುವುದು 17-18ನೇ ವಯಸ್ಸಿಗೆ. ಆಗ ಬಾಖ್‌ನ ಒಂಟಿ ಪಿಟೀಲಿನ ರಚನೆ, ಪಗನಿನಿಯ ಕ್ಯಾಪ್ರಿಸ್ ಅನ್ನುವ ಕಠಿಣ ತುಣುಕು ಅಥವಾ ಆ ಮಟ್ಟದ ಅಭ್ಯಾಸ ಪಾಠ, ಒಂದು ದೊಡ್ಡ ಕನ್ಸರ್ಟೊ (ಆರ್ಕೆಸ್ಟ್ರಾ ಜೊತೆ ಒಬ್ಬರು ಸೋಲೋ ನುಡಿಸುವ ದೀರ್ಘ ರಚನೆ) ಕೇಳುತ್ತಾರೆ. ನಿಮ್ಮ ಕೈಯಲ್ಲಿ ಆರೇಳು ವರ್ಷ ಇದೆ. ಕಷ್ಟದ ದಾರಿ, ಆದರೆ ಇರುವ ದಾರಿ.

ಅವಳು ಸೊನ್ನೆಯಿಂದಲೂ ಶುರು ಮಾಡುತ್ತಿಲ್ಲ, ಅಲ್ವಾ? ನಾಲ್ಕು ವರ್ಷ ಸರಳೆ, ಜಂಟಿ, ಅಲಂಕಾರ ಅಂತ ಮೊದಲ ಪಾಠಗಳನ್ನು ತಿಕ್ಕಿ ವರ್ಣಕ್ಕೆ ಬಂದಿದ್ದಾಳೆ. ಅವಳ ಕಿವಿಗೆ ಶ್ರುತಿ ಗೊತ್ತು. ಪಿಟೀಲಿನಲ್ಲಿ ಗಿಟಾರಿನ ಹಾಗೆ ಮೆಟ್ಟಿಲು ಇಲ್ಲ. ಬೆರಳು ಕೂದಲೆಳೆ ಆಚೀಚೆ ಆದರೂ ಸ್ವರ ತಪ್ಪುತ್ತದೆ. ಆ ತಪ್ಪನ್ನು ಕೇಳಿ ಹಿಡಿಯುವ ಕಿವಿ ಬರುವುದಕ್ಕೇ ಬೇರೆ ಮಕ್ಕಳಿಗೆ ಎರಡು ಮೂರು ವರ್ಷ ಬೇಕು. ಅದನ್ನು ಕೊಟ್ಟ ಊರಿನ ಮೇಷ್ಟ್ರನ್ನು ಬಿಡಿಸುವ ಮಾತು ಯಾರೂ ಆಡಬಾರದು.

ಕೈ ಮಾತ್ರ ಹೊಸದಾಗಿ ಕಲಿಯಬೇಕು. ಇದನ್ನು ಹತ್ತಿರದಿಂದ ನೋಡೋಣ. ನಮ್ಮಲ್ಲಿ ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಬಲಗಾಲಿನ ಹರಡಿಗೆ ಊರಿ, ಇನ್ನೊಂದು ಕಡೆಯನ್ನು ಎದೆಗೆ ಅಥವಾ ಹೆಗಲಿಗೆ ಆನಿಸುತ್ತೇವೆ. ವಾದ್ಯ ಎರಡು ಕಡೆ ಗಟ್ಟಿಯಾಗಿ ನಿಂತಿರುತ್ತದೆ. ಹಾಗಾಗಿ ಎಡಗೈ ತಂತಿಯ ಮೇಲೆ ಮೇಲಿಂದ ಕೆಳಗೆ ಸಲೀಸಾಗಿ ಜಾರುತ್ತದೆ. ಗಮಕ ಬರುವುದೇ ಆ ಜಾರುವಿಕೆಯಿಂದ. ವೆಸ್ಟರ್ನ್ ವಾದಕರು ನಿಂತು ನುಡಿಸುತ್ತಾರೆ. ವಾದ್ಯ ಎಡ ಹೆಗಲಿನ ಮೂಳೆಯ ಮೇಲೆ ಕೂತಿರುತ್ತದೆ, ಮೇಲೆ ದವಡೆಯ ತೂಕ. ಎಡಗೈ ಒಂದು ಜಾಗದಲ್ಲಿ ನಿಂತರೆ ನಾಲ್ಕೂ ಬೆರಳು ನಾಲ್ಕು ಸ್ವರದ ಮೇಲೆ ಕಾದಿರಬೇಕು. ಕಿರುಬೆರಳಿಗೂ ತೋರುಬೆರಳಿನಷ್ಟೇ ಕೆಲಸ. ಮೇಲಿನ ಸ್ವರಕ್ಕೆ ಹೋಗುವಾಗ ಇಡೀ ಕೈ ಒಟ್ಟಿಗೆ ಸರಿಯಬೇಕು, ಜಾರಿದ ಸದ್ದು ಕೇಳಬಾರದು. ನಮ್ಮಲ್ಲಿ ಸೊಗಸು ಅನ್ನಿಸುವ ಜಾರು ಅಲ್ಲಿ ಕೊಳಕು ಅನ್ನಿಸುತ್ತದೆ.

ಕಮಾನೂ ಅಷ್ಟೆ. ನಮ್ಮ ಕಮಾನು ಹಾಡಿನ ಉಸಿರಿನ ಹಾಗೆ ಎಳೆಯುತ್ತದೆ. ಅವರಲ್ಲಿ ಎಳೆಯುವುದರ ಜೊತೆಗೆ ತಂತಿಯನ್ನು ಕಚ್ಚಿ ಬಿಡುವುದು, ತಂತಿಯ ಮೇಲೆ ಕಮಾನು ಕುಣಿಸುವುದು, ಎತ್ತಿ ಎತ್ತಿ ಇಡುವುದು ಅಂತ ಹತ್ತಾರು ಬಗೆ. ಸ್ಪಿಕಾಟೊ ಅನ್ನುತ್ತಾರಲ್ಲ, ಕಮಾನು ಚೆಂಡಿನ ಹಾಗೆ ಪುಟಿಯುವುದು, ಅದು ಬರಬೇಕಾದರೆ ಬಲಗೈ ಮಣಿಕಟ್ಟು ಸಡಿಲ ಇರಬೇಕು. ಯೂಟ್ಯೂಬ್ ನೋಡಿ ಕಲಿತ ಮಕ್ಕಳ ಕೈ ಬಿಗಿದುಕೊಂಡಿರುತ್ತದೆ. ಬಿಗಿದ ಕೈಯನ್ನು ಆಮೇಲೆ ಬಿಚ್ಚಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಮೇಷ್ಟ್ರು ಮೊದಲು ಅನ್ನುವುದಕ್ಕೆ ನನ್ನ ಮೊದಲ ಕಾರಣ ಇದೇ.

ಎರಡನೇ ಕಾರಣ ಓದು. ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಬರೆದ ವೆಸ್ಟರ್ನ್ ಸ್ವರಲಿಪಿ ಓದುವುದು. ಕರ್ನಾಟಕ ಪದ್ಧತಿಯಲ್ಲಿ ಬಂದ ಮಕ್ಕಳ ಕಿವಿ ಎಷ್ಟು ಚುರುಕು ಅಂದರೆ ಎರಡು ಸಲ ಕೇಳಿ ನುಡಿಸಿಬಿಡುತ್ತಾರೆ, ಓದಿದ ಹಾಗೆ ನಟಿಸುತ್ತಾರೆ. ಮೊದಲ ಎರಡು ವರ್ಷ ಯಾರಿಗೂ ಗೊತ್ತೇ ಆಗುವುದಿಲ್ಲ. ಆಮೇಲೆ ಸಿಕ್ಕಿಬೀಳುತ್ತಾರೆ. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ಏನು ಮಾಡುತ್ತಾರೆ ಗೊತ್ತಾ? ಕೊನೆಯ ಸುತ್ತಿಗೆ ಬಂದ 12 ಮಂದಿಯನ್ನು ಒಂದು ವಾರ ಹೊರಗಿನ ಸಂಪರ್ಕವೇ ಇಲ್ಲದ ಹಾಗೆ ಇರಿಸುತ್ತಾರೆ. ಫೋನ್ ಇಲ್ಲ, ಗುರು ಇಲ್ಲ. ಆ ಸ್ಪರ್ಧೆಗೆಂದೇ ಬರೆಸಿದ, ಅದುವರೆಗೆ ಯಾರೂ ಕೇಳಿರದ ರಚನೆಯ ಹಾಳೆ ಕೈಗೆ ಕೊಡುತ್ತಾರೆ. ವಾರ ಕಳೆದ ಮೇಲೆ ಅದನ್ನು ಆರ್ಕೆಸ್ಟ್ರಾ ಜೊತೆ ನುಡಿಸಬೇಕು. ಕೇಳಿ ಕಲಿಯುವುದಕ್ಕೆ ಅಲ್ಲಿ ರೆಕಾರ್ಡಿಂಗೇ ಇಲ್ಲ. ನಿಮ್ಮ ಮಗಳು ಅಲ್ಲಿಗೆ ಹೋಗದೇ ಇರಬಹುದು. ಆದರೆ ಯಾವುದೇ ಆರ್ಕೆಸ್ಟ್ರಾದ ಕೊನೇ ಸಾಲಿನಲ್ಲಿ ಕೂರಬೇಕಾದರೂ ಕಂಡ ಹಾಳೆಯನ್ನು ಕಂಡ ಹಾಗೇ ನುಡಿಸುವುದು ಬರಬೇಕು. ದಿನಾ ಹತ್ತು ನಿಮಿಷ, ಹಿಂದೆಂದೂ ನೋಡಿರದ ನಾಲ್ಕು ಸಾಲು ಓದಿ ನುಡಿಸಲಿ. ಇವತ್ತಿನಿಂದಲೇ.

ಎಲ್ಲಿ ಕಲಿಸೋದು? ನಿಮ್ಮ ಊರಿನ ಅನುಕೂಲ ನಿಮಗೇ ಗೊತ್ತಿಲ್ಲದೆ ಇರಬಹುದು. ಬೆಂಗಳೂರಿನ ಉತ್ತರ ಭಾಗ ನಿಮಗೆ ಬಳ್ಳಾರಿ ರಸ್ತೆಯಲ್ಲಿ ನೇರ ದಾರಿ. 1987ರಲ್ಲಿ ಶುರುವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇರುವುದು ಆರ್.ಟಿ. ನಗರದಲ್ಲಿ, ಊರಿನೊಳಗಿನ ಟ್ರಾಫಿಕ್ಕಿಗೆ ಸಿಗುವ ಮೊದಲೇ. ಅಂಥ ಶಾಲೆಗಳಲ್ಲಿ, ಅವುಗಳ ಸುತ್ತಮುತ್ತ ಖಾಸಗಿಯಾಗಿ ಕಲಿಸುವವರಲ್ಲಿ ವಿಚಾರಿಸಿ. ವಾರಕ್ಕೆ ಒಂದು ಸಲ ಎದುರಾ ಎದುರು ಪಾಠ ಸಾಕು. ಮಧ್ಯೆ ಒಂದು ದಿನ ಆನ್‌ಲೈನ್‌ನಲ್ಲಿ ಸ್ವಲ್ಪ ಹೊತ್ತು ನೋಡಿದರೆ ಒಳ್ಳೆಯದು. ಬರೀ ಆನ್‌ಲೈನ್ ಬೇಡ. ಹೆಗಲು ಮೇಲೆ ಎದ್ದಿರುವುದು, ಹೆಬ್ಬೆರಳು ಒತ್ತಿರುವುದು ಕ್ಯಾಮೆರಾದಲ್ಲಿ ಕಾಣುವುದಿಲ್ಲ. ಮುದ್ದೇನಹಳ್ಳಿಯ ಆರ್ಕೆಸ್ಟ್ರಾ ನಿಮ್ಮ ಪಕ್ಕದಲ್ಲೇ ಇರುವುದು ಎಷ್ಟೋ ಜಿಲ್ಲೆಗಳಿಗೆ ಇಲ್ಲದ ಭಾಗ್ಯ. ಅವರ ಕಾರ್ಯಕ್ರಮ ಇದ್ದಾಗಲೆಲ್ಲ ಕರೆದುಕೊಂಡು ಹೋಗಿ. ರಿಹರ್ಸಲ್ ಕೇಳಲು ಬಿಡುತ್ತಾರಾ ಅಂತ ಕೇಳಿ ನೋಡಿ. ರಿಹರ್ಸಲ್‌ನಲ್ಲಿ ಕಲಿಯುವಷ್ಟು ಕಚೇರಿಯಲ್ಲಿ ಕಲಿಯುವುದಿಲ್ಲ.

ಮೇಷ್ಟ್ರನ್ನು ಆರಿಸುವಾಗ ಒಂದು ಟ್ರಯಲ್ ಕ್ಲಾಸಿಗೆ ನೀವೂ ಒಳಗೆ ಕೂರಿ. ಸಂಗೀತ ಗೊತ್ತಿಲ್ಲ ಅಂತ ಹಿಂಜರಿಯಬೇಡಿ, ನೋಡಬೇಕಾದದ್ದು ಬರಿಗಣ್ಣಿಗೇ ಕಾಣುತ್ತದೆ. ಮಗು ನುಡಿಸುವ ಮೊದಲು ಹೇಗೆ ನಿಂತಿದ್ದಾಳೆ ಅಂತ ನೋಡಿದರಾ? ಪಿಟೀಲು ಹೆಗಲ ಮೇಲಿಟ್ಟು ಎಡಗೈ ಬಿಡು ಅಂದರಾ? ಕೈ ಬಿಟ್ಟರೂ, ದವಡೆ ಕಚ್ಚದೆ, ವಾದ್ಯ ಜಾಗ ಬಿಟ್ಟು ಕದಲಬಾರದು. ಹಾಗೆ ಕೂರುವ ಹಾಗೆ ದವಡೆ ಊರುವ ಚಿನ್ ರೆಸ್ಟ್, ಹೆಗಲಿಗೆ ಆನುವ ಶೋಲ್ಡರ್ ರೆಸ್ಟ್ ಹೊಂದಿಸುವುದಕ್ಕೆ ಹೊತ್ತು ಕೊಟ್ಟರಾ? ತಾವೇ ಪಿಟೀಲು ತೆಗೆದು ನುಡಿಸಿ ತೋರಿಸಿದರಾ? ಒಂದೇ ಕ್ಲಾಸಲ್ಲಿ ಹತ್ತು ತಪ್ಪು ಹೇಳಿದರಾ, ಇಲ್ಲಾ ಒಂದನ್ನು ಹಿಡಿದು ತಿದ್ದಿ ಕಳಿಸಿದರಾ? ನೋವು ಇದೆಯಾ ಅಂತ ಕೇಳಿದರಾ? ಕೊನೆಗೆ ನೀವು ಒಂದು ಪ್ರಶ್ನೆ ಕೇಳಿ, ನಿಮ್ಮ ಹತ್ತಿರ ಕಲಿತವರು ಈಗ ಎಲ್ಲಿ ನುಡಿಸುತ್ತಿದ್ದಾರೆ ಅಂತ. ಎರಡು ಮೂರು ತಿಂಗಳಲ್ಲೇ ಕನ್ಸರ್ಟೊ ನುಡಿಸುತ್ತಾಳೆ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಅಲ್ಲಿಂದ ಎದ್ದು ಬನ್ನಿ. ಒಳ್ಳೆಯ ಮೇಷ್ಟ್ರು ಮೊದಲ ಆರು ತಿಂಗಳು ಬರೀ ಖಾಲಿ ತಂತಿ, ಸ್ಕೇಲು, ಸಣ್ಣ ಸಣ್ಣ ಪಾಠ ಮಾಡಿಸುತ್ತಾರೆ. ವರ್ಣ ನುಡಿಸುವ ಮಗಳಿಗೆ ಅದು ಅವಮಾನ ಅನ್ನಿಸಬಹುದು. ಆಗ ಅವಳ ಜೊತೆ ನಿಲ್ಲಬೇಕಾದವರು ನೀವು.

ಗ್ರೇಡ್ ಪರೀಕ್ಷೆಗಳ ಬಗ್ಗೆ ಒಂದು ಮಾತು. ಲಂಡನ್ನಿನ ಟ್ರಿನಿಟಿ, ಎಬಿಆರ್‌ಎಸ್‌ಎಂ ಸಂಸ್ಥೆಗಳ ಪರೀಕ್ಷೆ ಎರಡೂ ಬೆಂಗಳೂರಿನಲ್ಲಿ ಕೊಡಬಹುದು. ಎಂಟು ಗ್ರೇಡ್. ಓದು ಮತ್ತು ಥಿಯರಿ ಎಲ್ಲಿಗೆ ಬಂತು ಅಂತ ಅಳೆಯುವುದಕ್ಕೆ ಒಳ್ಳೆಯದು. ಆದರೆ ವರ್ಷವೆಲ್ಲಾ ಪರೀಕ್ಷೆಯ ಮೂರೇ ಮೂರು ತುಣುಕು ತಿಕ್ಕುವ ಕ್ಲಾಸುಗಳಿವೆ, ಅದು ಬೇಡ. ಎಂಟನೇ ಗ್ರೇಡ್ ಮುಗಿದರೆ ಎಲ್ಲಾ ಮುಗಿಯಿತು ಅಂತ ನಮ್ಮಲ್ಲಿ ಅಂದುಕೊಳ್ಳುತ್ತಾರೆ. ದೊಡ್ಡ ಸಂಗೀತ ಕಾಲೇಜುಗಳ ಲೆಕ್ಕದಲ್ಲಿ ಅಲ್ಲಿಂದ ಮುಂದೆ ಶುರು.

ಇನ್ನು ಮೈ. ಇದನ್ನು ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ಆದರೆ ಈ ವೃತ್ತಿ ನಿಲ್ಲುವುದೂ ಬೀಳುವುದೂ ಅದರ ಮೇಲೆ. ಯೆಹೂದಿ ಮೆನುಹಿನ್ ಹೆಸರು ಮಗಳಿಗೆ ಗೊತ್ತಿರುತ್ತದೆ, ಆ ಸ್ಪರ್ಧೆ ಅವರ ಹೆಸರಿನದೇ. 1916ರಲ್ಲಿ ಹುಟ್ಟಿದವರು. 1929ರಲ್ಲಿ, ಇನ್ನೂ 13 ತುಂಬಿರಲಿಲ್ಲ, ಬರ್ಲಿನ್‌ನಲ್ಲಿ ಒಂದೇ ಸಂಜೆ ಬಾಖ್, ಬೀಥೋವನ್, ಬ್ರಾಮ್ಸ್ ಮೂವರ ಕನ್ಸರ್ಟೊ ನುಡಿಸಿದರು. ಜಗತ್ತೇ ಬೆರಗಾಯಿತು. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ನೂರಾರು ಕಚೇರಿ ಕೊಟ್ಟು, ಮೂವತ್ತರ ಹರೆಯಕ್ಕೆ ಬರುವಾಗ ಮೈ ಬಿಗಿದುಕೊಂಡಿತ್ತು. ಹುಡುಗನಾಗಿದ್ದಾಗ ತಾನಾಗಿ ಬರುತ್ತಿದ್ದದ್ದು ಈಗ ಬರುತ್ತಿರಲಿಲ್ಲ. 1952ರಲ್ಲಿ ನೆಹರೂ ಆಹ್ವಾನದ ಮೇಲೆ ಭಾರತಕ್ಕೆ ಬಂದಾಗ ಮುಂಬಯಿಯಲ್ಲಿ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರನ್ನು ಕಂಡರು. ಅಯ್ಯಂಗಾರ್ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, 1918ರಲ್ಲಿ. 2007ರವರೆಗೆ ನಿಮ್ಮ ಚಿಕ್ಕಬಳ್ಳಾಪುರವೂ ಅದೇ ಜಿಲ್ಲೆಯಲ್ಲಿತ್ತು. ಸ್ವಲ್ಪ ಹೊತ್ತು ಅಂತ ಗೊತ್ತಾಗಿದ್ದ ಭೇಟಿ ವರ್ಷಗಳ ಕಲಿಕೆ ಆಯಿತು. 1954ರಲ್ಲಿ ಅಯ್ಯಂಗಾರ್ ಅವರನ್ನು ಮೆನುಹಿನ್ ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. ನನ್ನ ಅತ್ಯುತ್ತಮ ಪಿಟೀಲು ಗುರು ಅಯ್ಯಂಗಾರ್ ಅಂತ ಮೆನುಹಿನ್ ಹೇಳುತ್ತಿದ್ದರು ಅನ್ನುವ ಮಾತು ಇಂದಿಗೂ ಓಡಾಡುತ್ತದೆ. ಅದೇನೇ ಇರಲಿ, ಅಯ್ಯಂಗಾರ್ ಅವರ ಯೋಗದ ಪುಸ್ತಕಕ್ಕೆ ಮುನ್ನುಡಿ ಬರೆದವರು ಮೆನುಹಿನ್ ಅನ್ನುವುದಂತೂ ಅಚ್ಚಿನಲ್ಲೇ ಇದೆ.

ಪಿಟೀಲು ನುಡಿಸುವಾಗ ಮೈ ಸಮ ಇರುವುದಿಲ್ಲ. ಕತ್ತು ಎಡಕ್ಕೆ, ಎಡ ಮೊಣಕೈ ಒಳಕ್ಕೆ, ಬಲ ಹೆಗಲು ದಿನವಿಡೀ ಒಂದೇ ಕೆಲಸ. ಕತ್ತು, ಹೆಗಲು, ಮಣಿಕಟ್ಟಿನ ನೋವಿನಿಂದ ಎಷ್ಟೋ ವಾದಕರು ಕಚೇರಿ ಬಿಟ್ಟಿದ್ದಾರೆ. 11 ವರ್ಷದ ಮಗುವಿಗೆ ದಿನಕ್ಕೆ ಎರಡು ಗಂಟೆ ಸಾಕು, ಅದೂ ಮೂರು ಭಾಗವಾಗಿ. ಬೆಳಿಗ್ಗೆ ಸ್ಕೂಲಿಗೆ ಮುಂಚೆ ಒಂದು, ಸಂಜೆ ಎರಡು. ನೋವು ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಸಹಿಸಿಕೋ ಅನ್ನುವ ಮಾತು ಮನೆಯಲ್ಲಿ ಬರಬಾರದು. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಬರ್ಲಿನ್‌ನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ 1993ರಲ್ಲಿ ಬಂತು. ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ವಿದ್ಯೆ ಕೈಗೆ ಹತ್ತುತ್ತದೆ ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದಲೇ. ಜನಕ್ಕೆ ಆ ಸಂಖ್ಯೆ ಮಾತ್ರ ನೆನಪಿದೆ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇತ್ತು. 20 ವರ್ಷದ ಆಸುಪಾಸಿನ ಆ ಅತ್ಯುತ್ತಮ ವಿದ್ಯಾರ್ಥಿಗಳು ಒಬ್ಬರೇ ಕೂತು ಸಾಧಕ ಮಾಡುತ್ತಿದ್ದದ್ದು ದಿನಕ್ಕೆ ಸುಮಾರು ಮೂರೂವರೆ ಗಂಟೆ. ಅಷ್ಟು ಚೆನ್ನಾಗಿ ನುಡಿಸದವರಿಗಿಂತ ಜಾಸ್ತಿ ನಿದ್ದೆ ಮಾಡುತ್ತಿದ್ದರು, ಮಧ್ಯಾಹ್ನವೂ ಮಲಗುತ್ತಿದ್ದರು. ದಿನಕ್ಕೆ ಎಂಟು ಗಂಟೆ ಕೂರಿಸಿ ಅನ್ನುವವರಿಗೆ ಇದನ್ನು ಹೇಳಿ.

ಸ್ಪರ್ಧೆ ಮತ್ತು ವೇದಿಕೆ ಯಾಕೆ ಈಗಲೇ ಬೇಡ? ದ್ರಾಕ್ಷಿ ಬೆಳೆಯುವವರು ನೀವು. ನೆಟ್ಟ ಮೊದಲ ವರ್ಷ ಗೊಂಚಲಿನ ಆಸೆ ಬಿಟ್ಟು ಕಾಂಡ ಬಲಿಸಿ ಚಪ್ಪರಕ್ಕೆ ಹತ್ತಿಸುತ್ತೀರಿ. ಇಲ್ಲೂ ಅದೇ ಲೆಕ್ಕ. ಸ್ಪರ್ಧೆಗೆ ಹೊರಟ ಮಗು ಆರು ತಿಂಗಳು ಎರಡೇ ತುಣುಕು ನುಡಿಸುತ್ತದೆ. ಆ ಆರು ತಿಂಗಳಲ್ಲಿ ಕಲಿಯಬೇಕಾದ ಸ್ಕೇಲು, ಅಭ್ಯಾಸ ಪಾಠ, ಓದು ಎಲ್ಲಾ ನಿಂತುಹೋಗುತ್ತದೆ. ಟಿವಿ ಶೋಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಕಟು, ಅವು ಮಗುವಿನ ಸಂಗೀತಕ್ಕೆ ಏನೂ ಕೊಡುವುದಿಲ್ಲ.

ಜಪಾನ್ ಮೂಲದ ವಾದಕಿ ಮಿಡೋರಿ ಅವರ ಒಂದು ಸಂಜೆಯ ಕಥೆ ಪಿಟೀಲು ಲೋಕದಲ್ಲಿ ಎಲ್ಲರಿಗೂ ಗೊತ್ತು. 1986ರ ಜುಲೈ, ಅಮೆರಿಕದ ಟ್ಯಾಂಗಲ್‌ವುಡ್. ಅವರಿಗೆ 14 ವರ್ಷ. ಲೆನರ್ಡ್ ಬರ್ನ್‌ಸ್ಟೈನ್ ಅವರದೇ ರಚನೆ, ಅವರೇ ಆರ್ಕೆಸ್ಟ್ರಾ ನಡೆಸುತ್ತಿದ್ದಾರೆ. ಮಧ್ಯದಲ್ಲಿ ಮಿಡೋರಿ ಪಿಟೀಲಿನ ಮೇಲಿನ ತಂತಿ ತುಂಡಾಯಿತು. ಪಕ್ಕದಲ್ಲೇ ಇದ್ದ ಕನ್ಸರ್ಟ್‌ಮಾಸ್ಟರ್ (ಆರ್ಕೆಸ್ಟ್ರಾದ ಮುಖ್ಯ ಪಿಟೀಲು ವಾದಕ) ಕೈಯಿಂದ ಅವರ ಪಿಟೀಲು ತೆಗೆದುಕೊಂಡು ಮುಂದುವರಿಸಿದರು. ಅದರ ತಂತಿಯೂ ಹೋಯಿತು. ಇನ್ನೊಬ್ಬರ ಪಿಟೀಲು ತೆಗೆದುಕೊಂಡು ಮುಗಿಸಿದರು. ಮಿಡೋರಿಯನ್ನು ಬರ್ನ್‌ಸ್ಟೈನ್ ಅಪ್ಪಿಕೊಂಡರು. ಪಿಟೀಲು ಪಿಟೀಲಿಗೂ ಅಳತೆ, ಬಿಗಿ ಬೇರೆ. ಗೊತ್ತಿಲ್ಲದ ವಾದ್ಯದ ಮೇಲೆ ಬೆರಳು ಸರಿಯಾದ ಜಾಗದಲ್ಲಿ ಬೀಳಬೇಕಾದರೆ ಕಿವಿ ಮತ್ತು ಕೈ ಎಷ್ಟು ಪಳಗಿರಬೇಕು ಯೋಚಿಸಿ. ಈ ಅರ್ಧ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಇನ್ನರ್ಧವನ್ನೂ ಹೇಳಬೇಕು. ಅದೇ ಮಿಡೋರಿ ಇಪ್ಪತ್ತರ ಹರೆಯದಲ್ಲಿ ಖಿನ್ನತೆಯಿಂದ, ಊಟಕ್ಕೆ ಸಂಬಂಧಿಸಿದ ಕಾಯಿಲೆಯಿಂದ ಬಳಲಿದರು. ಅದನ್ನು ಅವರೇ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಚೇತರಿಸಿಕೊಂಡು ಸೈಕಾಲಜಿ ಓದಿದರು, ಇಂದಿಗೂ ನುಡಿಸುತ್ತಾರೆ, ಕಲಿಸುತ್ತಾರೆ, 1992ರಲ್ಲಿ ಮಕ್ಕಳ ಸಂಗೀತ ಶಿಕ್ಷಣಕ್ಕಾಗಿ ಒಂದು ಸಂಸ್ಥೆಯನ್ನೂ ಕಟ್ಟಿದರು. ಚಿಕ್ಕ ವಯಸ್ಸಿನ ಖ್ಯಾತಿಗೆ ತೆರಬೇಕಾದ ಬೆಲೆ ಏನು ಅಂತ ತಂದೆ ತಾಯಿಗೆ ಗೊತ್ತಿರಲಿ ಅಂತ ಹೇಳಿದೆ.

ಜನರ ಮುಂದೆ ನುಡಿಸುವ ರೂಢಿ ಬೇಕೇ ಬೇಕು. ಅದಕ್ಕೆ ಬಹುಮಾನದ ಹಂಗು ಬೇಕಿಲ್ಲ. ಗುರುಪೂರ್ಣಿಮೆಗೆ ಕೈವಾರದಲ್ಲಿ ತಾತಯ್ಯನವರ ಸನ್ನಿಧಿಯಲ್ಲಿ ಹಗಲು ರಾತ್ರಿ ಸಂಗೀತೋತ್ಸವ ನಡೆಯುತ್ತದೆ. ಊರಿನ ಮೇಷ್ಟ್ರ ಜೊತೆ ಅಲ್ಲಿ ನುಡಿಸುವ ಅವಕಾಶ ಸಿಕ್ಕರೆ ಬಿಡಬೇಡಿ. ರಾಮನವಮಿ ಪೆಂಡಾಲ್, ಸ್ಕೂಲ್ ಡೇ, ಯಾವುದಾದರೂ ಸರಿ. ಕೇಳುವವರ ಎದುರು ಕೈ ನಡುಗುವುದು ನಿಲ್ಲುವುದು ಹೀಗೆ.

ಮುಂದೆ ಈ ವೃತ್ತಿ ನಡೆಯುವುದು ಹೇಗೆ ಅನ್ನುವುದನ್ನೂ ತಿಳಿದಿರಿ. ಆರ್ಕೆಸ್ಟ್ರಾಗಳು ಒಂದೆರಡು ವರ್ಷ ಮುಂಚೆಯೇ ಕಾರ್ಯಕ್ರಮ ಗೊತ್ತು ಮಾಡಿರುತ್ತವೆ. ಸೋಲೋ ವಾದಕರು ವಿಮಾನ ಇಳಿದು, ಒಂದೆರಡು ರಿಹರ್ಸಲ್ ಮುಗಿಸಿ, ಎರಡು ಮೂರು ಸಂಜೆ ಅದೇ ಕನ್ಸರ್ಟೊ ನುಡಿಸಿ, ಮುಂದಿನ ಊರಿಗೆ ಹೊರಡುತ್ತಾರೆ. ಅಲ್ಲಿ ಬೇರೆ ಕನ್ಸರ್ಟೊ. ಬೀಥೋವನ್, ಮೆಂಡೆಲ್ಸನ್, ಬ್ರಾಮ್ಸ್, ಚೈಕೋವ್ಸ್ಕಿ, ಸಿಬೇಲಿಯಸ್ ಎಲ್ಲಾ ಬೆರಳ ತುದಿಯಲ್ಲಿ ಇರಬೇಕು. ಯಾರಾದರೂ ದೊಡ್ಡ ವಾದಕರು ಜ್ವರದಲ್ಲಿ ಮಲಗಿದರೆ ಎರಡು ದಿನದ ಮುಂಚೆ ಫೋನ್ ಬರುತ್ತದೆ. ಎಷ್ಟೋ ಹೆಸರುಗಳು ಮೇಲೆ ಬಂದಿದ್ದು ಹಾಗೇ, ಆ ರಚನೆ ಸಿದ್ಧವಾಗಿತ್ತು ಅನ್ನುವ ಒಂದೇ ಕಾರಣಕ್ಕೆ. ಕಚೇರಿ ಗೊತ್ತು ಮಾಡುವ ಏಜೆಂಟರಿಗೆ ಸಾಮಾನ್ಯವಾಗಿ ನೂರಕ್ಕೆ 15ರಿಂದ 20ರಷ್ಟು ಹೋಗುತ್ತದೆ. ಬಹಳ ಕಡೆ ಪ್ರಯಾಣದ ಖರ್ಚೂ ಸಂಭಾವನೆಯಿಂದಲೇ. ಒಂಟಿತನ ಇದೆ, ಹೋಟೆಲ್ ಕೋಣೆಯಲ್ಲಿ ಸದ್ದು ತಗ್ಗಿಸುವ ಮ್ಯೂಟ್ ಹಾಕಿಕೊಂಡು ಸಾಧಕ ಮಾಡುವುದಿದೆ. ಇಷ್ಟೆಲ್ಲಾ ಆದರೂ ಇದನ್ನೇ ಬೇಕು ಅನ್ನುವವರು ಇದ್ದಾರೆ, ಅವರಿಗೆ ಇದಕ್ಕಿಂತ ದೊಡ್ಡ ಸುಖ ಇನ್ನೊಂದಿಲ್ಲ.

ಇಂಥ ಸೋಲೋ ವಾದಕರ ಕೈಯಲ್ಲಿರುವ ಸ್ಟ್ರಾಡಿವರಿಯಸ್ (ಇಟಲಿಯ ಹಳೆಯ, ಬಹಳ ಬೆಲೆಬಾಳುವ ಪಿಟೀಲು) ಹೆಚ್ಚಾಗಿ ಅವರದಲ್ಲ. ನಿಪ್ಪಾನ್ ಮ್ಯೂಸಿಕ್ ಫೌಂಡೇಶನ್‌ನಂಥ ಸಂಸ್ಥೆಗಳು ಎರವಲು ಕೊಟ್ಟಿರುತ್ತವೆ. 2011ರಲ್ಲಿ ಒಂದು ಸ್ಟ್ರಾಡಿವರಿಯಸ್ 1.59 ಕೋಟಿ ಡಾಲರಿಗೆ ಹರಾಜಾಯಿತು. ಕೊಳ್ಳುವವರು ಯಾರು? ಚೆನ್ನಾಗಿ ನುಡಿಸುವವರನ್ನು ಹುಡುಕಿಕೊಂಡು ವಾದ್ಯ ಬರುತ್ತದೆ. ನಿಮ್ಮ ಒಂದೂವರೆ ಲಕ್ಷದ ಪಿಟೀಲಿನ ಮಾತಿಗೆ ಇದೂ ಒಂದು ಉತ್ತರ. ಇನ್ನೊಂದು ಕಾರಣ ಅಳತೆ. ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಪೂರ್ತಿ ಅಳತೆಯದನ್ನೇ ಕೊಡುವುದುಂಟು, ಕೂತು ನುಡಿಸುವಾಗ ನಡೆಯುತ್ತದೆ. ನಿಂತು ನುಡಿಸುವಾಗ ನಡೆಯುವುದಿಲ್ಲ. ಪಿಟೀಲು ಹೆಗಲ ಮೇಲಿಟ್ಟು ಎಡಗೈ ಪೂರ್ತಿ ಚಾಚಲಿ. ತುದಿಯ ಸುರುಳಿ ಅಂಗೈಯೊಳಗೆ ಬಂದು, ಬೆರಳು ಅದನ್ನು ಸಲೀಸಾಗಿ ಸುತ್ತಬೇಕು. ಬರಲಿಲ್ಲ ಅಂದರೆ ಸದ್ಯಕ್ಕೆ ಮುಕ್ಕಾಲು ಅಳತೆ. ಎರಡು ವರ್ಷದಲ್ಲಿ ಅದೂ ಸಾಲುವುದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಅಥವಾ ಬಾಡಿಗೆಯದು ನೋಡಿ. ಉಳಿದ ದುಡ್ಡಲ್ಲಿ ಒಳ್ಳೆಯ ತಂತಿ, ನೆಟ್ಟಗಿನ ಕಮಾನು, ತಂತಿ ಹೊರುವ ಕುದುರೆಯನ್ನು ಸರಿಯಾಗಿ ಕೆತ್ತಿಸಿ ಕೂರಿಸುವುದು. ಇವಿಷ್ಟು ಆದರೆ ಸಾಧಾರಣ ಪಿಟೀಲೂ ಬಾಯಿ ಬಿಡುತ್ತದೆ.

ಹಳೆಯ ಪಿಟೀಲು ಕರ್ನಾಟಕ ಪಾಠಕ್ಕೇ ಇರಲಿ. ಸ ಪ ಸ ಪ ಶ್ರುತಿಗೆ ತಂತಿ ಇಳಿಸುವುದು, ಮತ್ತೆ ವೆಸ್ಟರ್ನ್ ಪಾಠಕ್ಕೆ ಏರಿಸುವುದು ಅಂತ ಒಂದೇ ವಾದ್ಯಕ್ಕೆ ದಿನಾ ಮಾಡಿದರೆ ತಂತಿ ಬೇಗ ಹೋಗುತ್ತದೆ, ಕುದುರೆ ವಾಲುತ್ತದೆ. ನಿಮ್ಮ ಕಡೆ ಮಾರ್ಚ್, ಏಪ್ರಿಲ್‌ನ ಒಣಗಾಳಿಗೆ ತಂತಿ ಬಿಗಿಸುವ ಬಿರಡೆಗಳು ಸಡಿಲವಾಗಿ ಜಾರುತ್ತವೆ, ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತವೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಯಾವತ್ತೂ ಬಿಡಬೇಡಿ, ಅಂಟು ಬಿಟ್ಟು ಹಲಗೆ ಬಾಯಿ ತೆರೆಯುತ್ತದೆ.

ಕರ್ನಾಟಕ ಬಿಡಿಸಬೇಕಾ ಅಂದಿರಿ. ಬೇಡ. ಬೇಕಿದ್ದರೆ ವಾರದಲ್ಲಿ ಒಂದು ಪಾಠಕ್ಕೆ ಇಳಿಸಿ. ಪಿಟೀಲನ್ನು ಬಾಲುಸ್ವಾಮಿ ದೀಕ್ಷಿತರು ಯುರೋಪಿನವರಿಂದ ಕಲಿತು ನಮ್ಮ ಸಂಗೀತಕ್ಕೆ ತಂದು ಇನ್ನೂರು ವರ್ಷ ಆಗಿದೆ. ನಮ್ಮ ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿ ಮೈಕ್ ಇಲ್ಲದ ಸಭೆಯಲ್ಲೂ ಕೊನೇ ಸಾಲಿಗೆ ಕೇಳಿಸಿದರು. ಬೆಂಗಳೂರಿನಲ್ಲಿ ನೆಲೆಸಿರುವ ಎಲ್. ಸುಬ್ರಮಣ್ಯಂ ಎರಡೂ ಪದ್ಧತಿಯಲ್ಲಿ ನಡೆದವರು, ಮೆನುಹಿನ್ ಜೊತೆಯೂ ನುಡಿಸಿದವರು. ಬೆಂಗಳೂರಿನಲ್ಲಿ ಬೆಳೆದ ಜ್ಯೋತ್ಸ್ನಾ ಶ್ರೀಕಾಂತ್, ಚೌಡಯ್ಯನವರ ಹಾಗೆ ಏಳು ತಂತಿ ನುಡಿಸುತ್ತಿದ್ದ ಆರ್.ಆರ್. ಕೇಶವಮೂರ್ತಿ ಅವರ ಶಿಷ್ಯೆ. ಈಗ ಲಂಡನ್‌ನಲ್ಲಿದ್ದು ಎರಡೂ ಶೈಲಿ ನುಡಿಸುತ್ತಾರೆ. ಮೈಸೂರಿನ ನಾಗರಾಜ್, ಮಂಜುನಾಥ್ ಸಹೋದರರು ಕರ್ನಾಟಕ ಸಂಗೀತವನ್ನೇ ನುಡಿಸಿ ಹಲವು ದೇಶ ಸುತ್ತಿದ್ದಾರೆ. ದೇಶ ದೇಶ ಸುತ್ತಬೇಕು ಅನ್ನುವ ಆಸೆಗೆ ಇರುವುದು ಒಂದೇ ದಾರಿ ಅಲ್ಲ ಅಂತ ಮಗಳಿಗೆ ಇವರನ್ನೂ ತೋರಿಸಿ. 14-15ಕ್ಕೆ ಬಂದಾಗ ಯಾವುದರ ಕಡೆ ಜಾಸ್ತಿ ಒಲವು ಅಂತ ಅವಳೇ ಹೇಳುತ್ತಾಳೆ.

ಕೊನೆಗೆ ಓದು ಬಿಡಿಸುವ ಮಾತು. ನನ್ನ ಉತ್ತರ ಖಡಾಖಂಡಿತ, ಬಿಡಿಸಬಾರದು. ಎಲ್. ಸುಬ್ರಮಣ್ಯಂ ಮದರಾಸಿನಲ್ಲಿ ಎಂಬಿಬಿಎಸ್ ಮುಗಿಸಿ, ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ವೆಸ್ಟರ್ನ್ ಸಂಗೀತದ ಸ್ನಾತಕೋತ್ತರ ಪದವಿ ಪಡೆದರು. ಜ್ಯೋತ್ಸ್ನಾ ಶ್ರೀಕಾಂತ್ ಕೂಡ ಎಂಬಿಬಿಎಸ್ ಓದಿದವರು. ಹಿಲರಿ ಹಾನ್ ಪದವಿಗೆ ಬೇಕಾದದ್ದನ್ನೆಲ್ಲ 16ಕ್ಕೇ ಮುಗಿಸಿದರೂ, ಭಾಷೆ ಮತ್ತು ಸಾಹಿತ್ಯ ಕಲಿಯಲೆಂದು 19ರವರೆಗೆ ಕರ್ಟಿಸ್‌ನಲ್ಲೇ ಉಳಿದರು. ಕರ್ಟಿಸ್‌ನಲ್ಲಿ ಸೇರಿದವರೆಲ್ಲರಿಗೂ 1928ರಿಂದ ಬೋಧನಾ ಶುಲ್ಕ ಇಲ್ಲ, ಆದರೆ ಸೀಟು ಬಹಳ ಕಮ್ಮಿ. ಜರ್ಮನಿಯ ಸರ್ಕಾರಿ ಸಂಗೀತ ಕಾಲೇಜುಗಳಲ್ಲೂ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಕೆಲವು ಕಡೆ ನಮ್ಮಂಥ ಹೊರದೇಶದವರಿಗೆ ಶುಲ್ಕ ಇದೆ, ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರ್‌ಗೆ 1500 ಯೂರೊ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚು, ಸುಮಾರು 12,000 ಯೂರೊ, ಬ್ಯಾಂಕಿನಲ್ಲಿ ತೋರಿಸಬೇಕು. ಆ ಒಂದೂವರೆ ಲಕ್ಷವನ್ನು ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ಇಂಥ ಕಡೆಗಳಲ್ಲಿ ಪಿಯುಸಿ ಅಂಕಪಟ್ಟಿ, ಭಾಷೆ ಎರಡೂ ಕೇಳುತ್ತಾರೆ. ಹತ್ತನೇ ಕ್ಲಾಸಿಗೇ ನಿಲ್ಲಿಸಿದರೆ ನೀವು ತೆರೆಯಬೇಕು ಅಂದುಕೊಂಡ ಬಾಗಿಲನ್ನು ನೀವೇ ಮುಚ್ಚಿದ ಹಾಗೆ. ಪಿಯುಸಿಯಲ್ಲಿ ಟ್ಯೂಷನ್ ಹೊರೆ ಕಡಿಮೆ ಇರುವ ವಿಷಯ ಆರಿಸಿಕೊಳ್ಳಲಿ, ಸಾಕು.

ಈ ತಿಂಗಳು ಎರಡು ಮೂರು ಟ್ರಯಲ್ ಕ್ಲಾಸ್ ನೋಡಿ ಬನ್ನಿ. ಆಮೇಲೆ ಮಗಳು ನಿಂತು ನುಡಿಸುವ ಎರಡು ನಿಮಿಷದ ವಿಡಿಯೊ ಕಳಿಸಿ. ಎದುರಿನಿಂದ ಒಂದು, ಎಡಗೈ ಹೆಬ್ಬೆರಳು ಕಾಣುವ ಹಾಗೆ ಪಕ್ಕದಿಂದ ಇನ್ನೊಂದು. ಹಾಡು ಯಾವುದಾದರೂ ಸರಿ, ಆ ವರ್ಣವೇ ಆಗಬಹುದು.